ಮಳೆಯಲ್ಲಿ ಆಲ್ಪ್ಸ್, ಬಟ್ಟೆ ಚಾವಣಿಯ ಪುಟ್ಟ ಕಾರಿನಲ್ಲಿ: ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಆಲ್ಪ್ಸ್ ಪರ್ವತದ ಉತ್ತರದ ಅಂಚಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಎತ್ತರದ ಘಾಟಿ ರಸ್ತೆಗಳು ಹಿಮದಿಂದ ಬಿಡುಗಡೆಗೊಂಡು ತೆರೆದಿರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಆದ್ದರಿಂದ ಚಾವಣಿ ಮಡಚಿ ಬಿಸಿಲಿನಲ್ಲಿ ಓಡಾಡುವ ಆಸೆಯಿಂದ ಕನ್ವರ್ಟಿಬಲ್ ಕಾರು ಹತ್ತಿ ಆಲ್ಪ್ಸ್‌ಗೆ ಹೊರಟವರು ಐದು ದಿನಗಳಲ್ಲಿ ಎರಡು ದಿನವಾದರೂ ಮಳೆಗೆ ಸಿಕ್ಕುವುದು ಸಹಜವೆಂದು ತಿಳಿದೇ ಹೊರಡಬೇಕು. ಮ್ಯೂನಿಕ್ ನಗರದಲ್ಲಿ ನೆಲೆಸಿದ ಮೇಲೆ ಹಳೆಯದೊಂದು ಎರಡು ಆಸನದ ಕಾರು ಕೊಂಡು ಹಲವು ಬೇಸಿಗೆಗಳಲ್ಲಿ ಈ ದಾರಿಗಳನ್ನು ತುಳಿದ ಅನುಭವದಿಂದ ಹೇಳುವುದಾದರೆ, ಈ ಪ್ರವಾಸದಲ್ಲಿ ಕಲಿಯಬೇಕಾದ ವಿದ್ಯೆ ಮುಖ್ಯವಾಗಿ ಒಂದೇ: ಬೆಟ್ಟದ ಯಾವ ಮಗ್ಗುಲಲ್ಲಿ ಮಳೆಯಿದೆ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಓದಿಕೊಂಡು, ಅದಕ್ಕೆ ತಕ್ಕಂತೆ ದಾರಿಯನ್ನು ಬದಲಿಸಿಕೊಳ್ಳುವುದು. ಉಳಿದದ್ದೆಲ್ಲ ಕಾರಿನೊಳಗೆ ನೀರು ನಿಲ್ಲದಂತೆ ನೋಡಿಕೊಳ್ಳುವ ಮನೆಗೆಲಸ.

ಹಂತ 1: ಹೊರಡುವ ಎರಡು ವಾರ ಮೊದಲು ಕಾರಿಗೆ ನೀರು ಹಾಕಿ ನೋಡಿ

ಬಟ್ಟೆ ಚಾವಣಿಯ ಕಾರು ಸೋರುವುದಕ್ಕೆ ಬಟ್ಟೆಯೇ ಕಾರಣವೆಂದು ಹೆಚ್ಚಿನವರು ಭಾವಿಸುತ್ತಾರೆ, ಆದರೆ ಬಟ್ಟೆ ಸೋರುವುದು ಅಪರೂಪ. ನೀರು ಬರುವುದು ಎರಡು ಕಡೆಯಿಂದ: ಬಾಗಿಲಿನ ಗಾಜಿನ ಮೇಲ್ಭಾಗ ತಾಗುವ ರಬ್ಬರ್ ಪಟ್ಟಿಗಳ ಸಂದಿನಿಂದ, ಮತ್ತು ಆಸನಗಳ ಹಿಂದೆ ಮೂಲೆಯಲ್ಲಿರುವ ನೀರು ಹೊರಹೋಗುವ ನಾಳಗಳಿಂದ. 1989ರಲ್ಲಿ ಮೊದಲ ಬಾರಿಗೆ ಬಂದ ಮಜ್ದಾ ಎಂಎಕ್ಸ್-5ರಂಥ ಪುಟ್ಟ ಕಾರುಗಳಲ್ಲಿ ಚಾವಣಿಯ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಬಟ್ಟೆಯ ಬುಡದಲ್ಲಿರುವ ದೋಣಿಯಂಥ ಪಟ್ಟಿಯಲ್ಲಿ ಸೇರಿ, ಎರಡೂ ಬದಿಯ ನಾಳಗಳ ಮೂಲಕ ಹಿಂಚಕ್ರದ ಬಳಿ ನೆಲಕ್ಕೆ ಇಳಿಯುತ್ತದೆ. ಹೆಂಚಿನ ಮನೆಯ ಎರಡು ಇಳಿಜಾರು ಕೂಡುವಲ್ಲಿ ತಗಡಿನ ದೋಣಿ ಇಟ್ಟಂತೆಯೇ ಇದು. ಆ ದೋಣಿಯಲ್ಲಿ ಎಲೆ ತುಂಬಿದರೆ ಜಗಲಿ ಒದ್ದೆಯಾಗುವಂತೆ, ಇಲ್ಲಿ ನಾಳ ಕಟ್ಟಿದರೆ ಆಸನದ ಹಿಂದಿನ ನೆಲಹಾಸು ನೆನೆಯುತ್ತದೆ.

ಆದ್ದರಿಂದ ಚಾವಣಿಯನ್ನು ಅರ್ಧ ಎತ್ತಿ, ನಾಳದ ಬಾಯಿಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಅದು ಕಾರಿನ ಅಡಿಯಲ್ಲಿ ಧಾರೆಯಾಗಿ ಇಳಿಯುತ್ತದೆಯೇ ಎಂದು ನೋಡಬೇಕು. ತೊಟ್ಟಿಕ್ಕಿದರೆ ಅಥವಾ ಇಳಿಯದಿದ್ದರೆ, ಮೊಂಡು ತುದಿಯ ಮೆತ್ತನೆಯ ಪ್ಲಾಸ್ಟಿಕ್ ತಂತಿಯಿಂದ ಹಗುರವಾಗಿ ಬಿಡಿಸಬೇಕು. ಚೂಪಾದ ಲೋಹದ ಸರಳು ಹಾಕಿದರೆ ನಾಳ ಒಳಗೇ ಹರಿದು ತೊಂದರೆ ಇಮ್ಮಡಿಯಾಗುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ಈ ಕೆಲಸವನ್ನು ನಾನು ಮಾಡಿರಲಿಲ್ಲ. ಮನೆಯ ಮುಂದಿನ ಮರದ ಒಣಗಿದ ಹೂವೆಲ್ಲ ನಾಳದಲ್ಲಿ ಗಂಜಿಯಂತೆ ಕೂತಿದ್ದವು, ಮತ್ತು ಎರಡನೆಯ ದಿನದ ಜಡಿಮಳೆಯಲ್ಲಿ ಪ್ರತಿ ತಿರುವಿಗೂ ಬೆನ್ನ ಹಿಂದೆ ನೀರು ಕುಲುಕುವ ಸದ್ದು ಕೇಳಿಸತೊಡಗಿತು. ತಪ್ಪು ಪೂರ್ತಿ ನನ್ನದೇ.

ನಾಳದ ನಂತರ ರಬ್ಬರ್ ಪಟ್ಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ರಬ್ಬರ್‌ಗೆಂದೇ ಮಾರುವ ಸಿಲಿಕೋನ್ ದ್ರವವನ್ನು ತೆಳುವಾಗಿ ಸವರಬೇಕು. ಬಟ್ಟೆಯ ಮೇಲೆ ಬಿದ್ದ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳದೆ ಹೀರಿಕೊಳ್ಳುತ್ತಿದ್ದರೆ, ಚಾವಣಿಯನ್ನು ತೊಳೆದು ಒಣಗಿಸಿ ನೀರು ತಡೆಯುವ ಲೇಪನವನ್ನು ಹಚ್ಚುವ ಸಮಯ ಬಂದಿದೆ ಎಂದರ್ಥ. ಕೊನೆಗೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ತೋಟದ ಪೈಪಿನಿಂದ ಹತ್ತು ನಿಮಿಷ ಮೇಲಿನಿಂದ ಮತ್ತು ಪಕ್ಕದಿಂದ ನೀರು ಬಿಡಬೇಕು. ಹೆಚ್ಚಿನ ಒತ್ತಡದ ಯಂತ್ರವನ್ನು ಬಳಸಕೂಡದು. ಅದು ತೋರಿಸುವ ಸೋರಿಕೆಯು ಮಳೆಯಲ್ಲಿ ಆಗುವ ಸೋರಿಕೆಯಲ್ಲ.

ಭಾರತದಿಂದ ಬಂದು ಬಾಡಿಗೆ ಕಾರು ಪಡೆಯುವವರಿಗೆ ಇಷ್ಟೆಲ್ಲ ಸಾಧ್ಯವಿಲ್ಲ. ಅವರು ಕಾರು ಪಡೆಯುವಾಗಲೇ ಚಾವಣಿಯನ್ನು ಎರಡು ಸಲ ಮುಚ್ಚಿ ತೆರೆದು, ಹಿಂಗಾಜಿನ ಅಂಚನ್ನೂ ರಬ್ಬರ್ ಪಟ್ಟಿಗಳನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಂಡು, ನೆಲಹಾಸಿನ ಕೆಳಗೆ ಅಂಗೈ ಒತ್ತಿ ನೋಡಬೇಕು. ಬಾಡಿಗೆ ವಿಮೆಯಲ್ಲಿ ಬಟ್ಟೆ ಚಾವಣಿ, ಗಾಜು, ಟೈರು ಮತ್ತು ಕಾರಿನ ತಳಭಾಗಕ್ಕೆ ಆಗುವ ಹಾನಿ ಹಲವು ಬಾರಿ ಸೇರಿರುವುದಿಲ್ಲವಾದ್ದರಿಂದ ಆ ಸಾಲನ್ನು ಓದಿಯೇ ಸಹಿ ಹಾಕುವುದು ಒಳ್ಳೆಯದು. ಯಾವ ಯಾವ ದೇಶಗಳಿಗೆ ಕಾರು ಒಯ್ಯಬಹುದೆಂಬುದನ್ನೂ ಬರಹದಲ್ಲಿ ಪಡೆಯಬೇಕು.

ಹಂತ 2: ಟೈರು

ಟೈರಿನ ಮೇಲ್ಮೈಯಲ್ಲಿ ಕಾನೂನು ಕೇಳುವುದು 1.6 ಮಿಲಿಮೀಟರ್ ಆಳದ ಗೆರೆ. ಒದ್ದೆ ಘಾಟಿಗೆ ಬೇಕಾದದ್ದು ಕನಿಷ್ಠ 3 ಮಿಲಿಮೀಟರ್. ಒಂದು ಯೂರೋ ನಾಣ್ಯವನ್ನು ಗೆರೆಯೊಳಗೆ ನಿಲ್ಲಿಸಿದಾಗ ಅದರ ಹೊಂಬಣ್ಣದ ಅಂಚು ಪೂರ್ತಿ ಮುಳುಗಿದರೆ ಅಷ್ಟು ಆಳವಿದೆ ಎಂದು ತಿಳಿಯಬಹುದು. ಪುಟ್ಟ ಕನ್ವರ್ಟಿಬಲ್‌ಗಳು ಹಗುರ, ಆದರೆ ಅಂದಕ್ಕಾಗಿ ಅವುಗಳಿಗೆ ಅಗಲ ಟೈರುಗಳನ್ನು ಹಾಕಿರುತ್ತಾರೆ. ಹಗುರ ಕಾರಿನ ಅಗಲ ಟೈರು ನೀರನ್ನು ಸೀಳಿ ನೆಲ ಮುಟ್ಟುವ ಬದಲು ನೀರಿನ ಮೇಲೆ ತೇಲಲು ಬೇಗ ಒಪ್ಪಿಬಿಡುತ್ತದೆ. ಗಾಳಿಯ ಒತ್ತಡ ಕಡಿಮೆಯಿದ್ದರೆ ಈ ತೇಲುವಿಕೆ ಇನ್ನೂ ಕಡಿಮೆ ವೇಗದಲ್ಲೇ ಆರಂಭವಾಗುವುದರಿಂದ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಒತ್ತಡವನ್ನು ಟೈರು ತಣ್ಣಗಿರುವಾಗ ತುಂಬಿಸಿಕೊಳ್ಳಬೇಕು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಇಂಥ ಕಾರುಗಳಲ್ಲಿ ಗೆರೆ ಚೆನ್ನಾಗಿದ್ದೂ ರಬ್ಬರ್ ಮುದಿಯಾಗಿ ಗಟ್ಟಿಯಾಗಿರುವುದುಂಟು. ಟೈರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ.

ಹಂತ 3: ಡಿಕ್ಕಿಯ ಲೆಕ್ಕ

ಎಂಎಕ್ಸ್-5ರ ಈಗಿನ ತಲೆಮಾರಿನ ಡಿಕ್ಕಿಯಲ್ಲಿ ಹಿಡಿಸುವುದು ಸುಮಾರು 130 ಲೀಟರ್. ವಿಮಾನದಲ್ಲಿ ತರುವ ಗಟ್ಟಿ ಪೆಟ್ಟಿಗೆ ಇಲ್ಲಿ ಪ್ರಯೋಜನಕ್ಕೆ ಬಾರದು. ಇಬ್ಬರಿಗೆ ತಲಾ ಒಂದು ಮೆತ್ತನೆಯ ಚೀಲ, ಮಧ್ಯದ ಸಂದಿಯಲ್ಲಿ ಬೂಟು, ಅಷ್ಟೇ. ಪ್ರತಿ ಚೀಲವನ್ನೂ ದಪ್ಪನೆಯ ಕಸದ ಚೀಲದೊಳಗೆ ಹಾಕಿ ಕಟ್ಟಿದರೆ ಮಳೆಯಲ್ಲಿ ಹೋಟೆಲಿನ ಬಾಗಿಲವರೆಗೆ ಓಡುವಾಗ ಬಟ್ಟೆ ಒಣಗಿಯೇ ಇರುತ್ತದೆ.

ಬಟ್ಟೆಯ ವಿಷಯದಲ್ಲಿ ಎತ್ತರದ ಲೆಕ್ಕವನ್ನು ಮರೆಯಬಾರದು. ಮಳೆ ಮೋಡದೊಳಗೆ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಮ್ಯೂನಿಕ್‌ನಲ್ಲಿ 18 ಡಿಗ್ರಿ ಇದ್ದ ದಿನ ಇಟಲಿಯ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿಯಲ್ಲಿ ನಾಲ್ಕೈದು ಡಿಗ್ರಿ ಇರಬಹುದು, ಮತ್ತು ಇನ್ನೊಂದಿಷ್ಟು ತಣಿದರೆ ಜುಲೈ ತಿಂಗಳಲ್ಲೂ ಮಳೆ ಹಿಮವಾಗಿ ಬೀಳುತ್ತದೆ. ಉಣ್ಣೆಯ ಅಂಗಿ, ಗಾಳಿ ತಡೆಯುವ ಜಾಕೆಟ್, ಕುತ್ತಿಗೆಗೆ ಸುತ್ತುವ ವಸ್ತ್ರ, ಕೈಗವಸು ಮತ್ತು ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಊರಿನಿಂದ ಅಮ್ಮ ಕಳಿಸಿದ ಮಂಗನ ಟೋಪಿ ಇಲ್ಲಿ ಇಟಲಿಯ ಬ್ರ್ಯಾಂಡಿನ ಟೋಪಿಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಸಂಕೋಚವಿಲ್ಲದೆ ದಾಖಲಿಸುತ್ತೇನೆ.

ಒರೆಸುವುದಕ್ಕೆ ಎರಡು ಮೈಕ್ರೋಫೈಬರ್ ಬಟ್ಟೆಗಳು ಮತ್ತು ಒಂದು ಹಳೆಯ, ಒಗೆದು ಒಗೆದು ಮೆತ್ತಗಾದ ಹತ್ತಿಯ ಪಂಚೆ ಇರಲಿ. ಪಂಚೆ ನೀರನ್ನು ಬೇಗ ಹೀರುತ್ತದೆ, ಹಿಂಡಿದರೆ ಬೇಗ ಒಣಗುತ್ತದೆ, ರಾತ್ರಿ ಆಸನದ ಮೇಲೆ ಹೊದಿಸಲೂ ಆಗುತ್ತದೆ. ಒದ್ದೆ ಬೂಟಿನೊಳಗೆ ತುರುಕಲು ಹಳೆಯ ದಿನಪತ್ರಿಕೆಗಳನ್ನೂ ಇಟ್ಟುಕೊಳ್ಳಿ. ಇವುಗಳ ಜೊತೆಗೆ ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಇಬ್ಬರಿಗೂ ಹೊಳೆಯುವ ಮೇಲಂಗಿ ಇರಬೇಕು. ಮೇಲಂಗಿಯನ್ನು ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವಂತೆ ಆಸನದ ಬಳಿ ಇಡಬೇಕು.

ಹಂತ 4: ಕಾಗದ, ಸುಂಕ, ನಿಯಮ

ಭಾರತದ ಚಾಲನಾ ಪರವಾನಗಿ ಇರುವವರು ಅಂತರರಾಷ್ಟ್ರೀಯ ಚಾಲನಾ ಪತ್ರವನ್ನು ಊರಿನ ಸಾರಿಗೆ ಕಚೇರಿಯಿಂದಲೇ ಪಡೆದು ಬರಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವಾರ್ಷಿಕ ಸುಂಕದ ಚೀಟಿ ಒಂದೇ ಬಗೆಯದು, ಬೆಲೆ 40 ಫ್ರಾಂಕ್. 2023ರಿಂದ ಅದನ್ನು ಅಂತರ್ಜಾಲದಲ್ಲಿ ನೋಂದಣಿ ಸಂಖ್ಯೆಗೆ ಜೋಡಿಸಿಕೊಳ್ಳಬಹುದು. ಆಸ್ಟ್ರಿಯಾದಲ್ಲಿ ಒಂದು ದಿನದ ಮತ್ತು ಹತ್ತು ದಿನದ ಚೀಟಿಗಳಿವೆ. ಸ್ವಿಸ್ ಘಾಟಿ ರಸ್ತೆಗಳು ಬಹುತೇಕ ಉಚಿತ; ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್, ಸಿಲ್ವ್ರೆಟ್ಟಾ ಮತ್ತು ಟಿಮ್ಮೆಲ್ಸ್‌ಯೋಹ್ ರಸ್ತೆಗಳಿಗೆ ಪ್ರತ್ಯೇಕ ಸುಂಕವಿದೆ.

ಮಳೆಗೇ ಸಂಬಂಧಿಸಿದ ನಿಯಮವೊಂದನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ. ಇಟಲಿ ಮತ್ತು ಫ್ರಾನ್ಸ್ ಎರಡರಲ್ಲೂ ಹೆದ್ದಾರಿಯ 130 ಕಿಲೋಮೀಟರ್ ವೇಗಮಿತಿ ಮಳೆ ಬೀಳುತ್ತಿದ್ದಂತೆ 110ಕ್ಕೆ ಇಳಿಯುತ್ತದೆ, ಇದಕ್ಕೆ ಬೇರೆ ಫಲಕ ಇರಬೇಕೆಂದಿಲ್ಲ. ಜರ್ಮನಿಯಲ್ಲಿ ವೇಗದ ಫಲಕದ ಕೆಳಗೆ 'ಬೈ ನೆಸ್ಸೆ' ಎಂದಿದ್ದರೆ ಆ ಮಿತಿ ರಸ್ತೆ ಒದ್ದೆಯಿದ್ದಾಗ ಮಾತ್ರ ಅನ್ವಯ. ಘಾಟಿಯ ಬುಡದ ಫಲಕಗಳಲ್ಲಿ 'ಓಫನ್', 'ಅಪೆರ್ತೊ', 'ಊವೆರ್' ಎಂದರೆ ತೆರೆದಿದೆ. 'ಗೆಶ್ಲೋಸನ್', 'ಕ್ಯೂಸೊ', 'ಫೆರ್ಮೆ' ಎಂದರೆ ಮುಚ್ಚಿದೆ. 'ಸ್ಟೈನ್‌ಶ್ಲಾಗ್' ಎಂದರೆ ಕಲ್ಲು ಉರುಳುವ ಜಾಗ, ಮಳೆಯಲ್ಲಿ ಅಲ್ಲಿ ಚಿತ್ರ ತೆಗೆಯಲು ನಿಲ್ಲುವುದು ಬೇಡ.

ಹಂತ 5: ಬೆಳಿಗ್ಗೆ ಮಳೆಯನ್ನು ಓದುವುದು

ಕರಾವಳಿ ಮತ್ತು ಮಲೆನಾಡಿನವರಿಗೆ ಈ ಹಂತ ಸುಲಭ, ಏಕೆಂದರೆ ಇದರ ಮೂಲಪಾಠ ಅವರಿಗೆ ಹುಟ್ಟಿನಿಂದಲೇ ಗೊತ್ತು. ಅರಬ್ಬೀ ಸಮುದ್ರದ ಮೋಡ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಸುರಿದು ಬರಿದಾಗಿ, ಕಡೂರಿನ ಬಯಲಿಗೆ ತಲುಪುವಷ್ಟರಲ್ಲಿ ಬರೀ ನೆರಳಾಗಿ ಉಳಿಯುತ್ತದೆ. ಆಲ್ಪ್ಸ್‌ನಲ್ಲೂ ನಡೆಯುವುದು ಅದೇ, ಆದರೆ ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಮುಂಗಾರು ಒಂದೇ ದಿಕ್ಕಿನಿಂದ ತಿಂಗಳುಗಟ್ಟಲೆ ಬರುತ್ತದೆ, ಇಲ್ಲಿ ಗಾಳಿಯ ದಿಕ್ಕು ಎರಡು ಮೂರು ದಿನಕ್ಕೊಮ್ಮೆ ಬದಲಾಗುತ್ತದೆ, ಹಾಗಾಗಿ ಆಗುಂಬೆಯೂ ಕಡೂರೂ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ.

ವಾಯುವ್ಯದಿಂದ ಗಾಳಿ ಬೀಸಿದಾಗ ಮೋಡಗಳು ಬವೇರಿಯಾ, ಸಾಲ್ಸ್‌ಬರ್ಗ್, ಮಧ್ಯ ಸ್ವಿಟ್ಜರ್ಲೆಂಡ್‌ಗಳ ಉತ್ತರ ಮಗ್ಗುಲಿಗೆ ಒತ್ತಿ ನಿಂತು ದಿನವಿಡೀ ಸುರಿಸುತ್ತವೆ. ಸಾಲ್ಸ್‌ಬರ್ಗ್‌ನವರು ನೂಲಿನ ಎಳೆಯಂತೆ ಇಳಿಯುವ ಈ ಬಿಡದ ಮಳೆಗೆ 'ಶ್ನೂರ್ಲ್‌ರೇಗನ್', ಅಂದರೆ ದಾರದ ಮಳೆ, ಎಂದು ಹೆಸರನ್ನೇ ಇಟ್ಟಿದ್ದಾರೆ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗವಾದ ಟಿಚೀನೊ ಮತ್ತು ಇಟಲಿಗೆ ಸೇರಿದ ದಕ್ಷಿಣ ಟಿರೋಲ್‌ಗಳಲ್ಲಿ ಒಣಗಾಳಿ ಬೀಸಿ ನೀಲಿ ಆಕಾಶ ಕಾಣುವ ಸಾಧ್ಯತೆ ಹೆಚ್ಚು. ನೈಋತ್ಯ ಅಥವಾ ದಕ್ಷಿಣದಿಂದ, ಮೆಡಿಟರೇನಿಯನ್ನಿನ ತೇವ ಹೊತ್ತು ಗಾಳಿ ಬಂದರೆ ಚಿತ್ರ ತಿರುಗುಮುರುಗು: ಟಿಚೀನೊದಲ್ಲಿ ಕುಂಭದ್ರೋಣ ಮಳೆ, ಉತ್ತರದ ಕಣಿವೆಗಳಲ್ಲಿ 'ಫೋನ್' ಎಂಬ ಬೆಚ್ಚನೆಯ ಒಣಗಾಳಿ. ಆದ್ದರಿಂದ ಮುನ್ಸೂಚನೆಯಲ್ಲಿ 'ಮಳೆ' ಎಂಬ ಚಿತ್ರವನ್ನಲ್ಲ, ಮೇಲಿನ ಗಾಳಿಯ ದಿಕ್ಕನ್ನು ಮೊದಲು ನೋಡಬೇಕು.

ಇದಕ್ಕೆ ಪೂರಕವಾಗಿ, ಎರಡೂ ಕಡೆಯಿಂದ ಬೆಟ್ಟಗಳು ಮುಚ್ಚಿಕೊಂಡಿರುವ ಒಳನಾಡಿನ ಕಣಿವೆಗಳನ್ನು ನೆನಪಿಟ್ಟುಕೊಳ್ಳಬೇಕು. ದಕ್ಷಿಣ ಟಿರೋಲ್‌ನ ಫಿನ್ಷ್‌ಗಾವ್ ಕಣಿವೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್ ಮಳೆ ಮಾತ್ರ, ನಮ್ಮ ಬಯಲುಸೀಮೆಯಷ್ಟು; ಅಲ್ಲಿನ ರೈತರು ಹಿಮದ ನೀರನ್ನು ಬೆಟ್ಟದ ಬದಿಯಲ್ಲಿ ತರಲು ಶತಮಾನಗಳ ಹಿಂದೆಯೇ 'ವಾಲ್' ಎಂಬ ಸಣ್ಣ ಕಾಲುವೆಗಳನ್ನು ಕಡಿದಿದ್ದಾರೆ. ಸ್ವಿಟ್ಜರ್ಲೆಂಡಿನ ಎಂಗಡೀನ್ ಮತ್ತು ವಾಲೈಸ್ ಕಣಿವೆಗಳದೂ ಹೆಚ್ಚುಕಡಿಮೆ ಇದೇ ಗುಣ. ಎಲ್ಲೆಡೆ ಮಳೆ ಹಿಡಿದ ದಿನ ರಾತ್ರಿ ತಂಗಲು ಇಂಥ ಕಣಿವೆಯನ್ನೇ ಆರಿಸಿಕೊಳ್ಳುವುದು ಜಾಣತನ.

ಬೆಳಗಿನ ಕ್ರಮ ಹೀಗಿರಲಿ: ಮೊದಲು ಗಾಳಿಯ ದಿಕ್ಕು, ಆಮೇಲೆ ಸ್ವಿಟ್ಜರ್ಲೆಂಡಿನ ಮೀಟಿಯೋಸ್ವಿಸ್ ಅಥವಾ ಆಸ್ಟ್ರಿಯಾದ ಜಿಯೋಸ್ಫಿಯರ್ ಹವಾಮಾನ ಸಂಸ್ಥೆಯ ರೇಡಾರ್ ಚಿತ್ರ, ಆಮೇಲೆ ಘಾಟಿಯ ತುದಿಯಲ್ಲಿರುವ ಕ್ಯಾಮೆರಾದ ನೇರ ದೃಶ್ಯ. ಕ್ಯಾಮೆರಾದಲ್ಲಿ ಬಿಳಿಯಷ್ಟೇ ಕಂಡರೆ ನೀವು ಅಲ್ಲಿಗೆ ಹೋದಾಗಲೂ ಕಾಣುವುದು ಬಿಳಿಯೇ. ಬೇಸಿಗೆಯ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಟ್ಟುತ್ತದೆಯಾದ್ದರಿಂದ ಅಂಥ ದಿನಗಳಲ್ಲಿ ಎತ್ತರದ ಘಾಟಿಯನ್ನು ಹತ್ತು ಗಂಟೆಯೊಳಗೆ ದಾಟಿ, ಊಟದ ಹೊತ್ತಿಗೆ ಕಣಿವೆಗೆ ಇಳಿದಿರಬೇಕು.

ಹಂತ 6: ದಾರಿಯನ್ನು ಜೋಡಿಯಾಗಿ ಹೆಣೆಯುವುದು

ಪ್ರತಿದಿನಕ್ಕೂ ಒಂದು ಎತ್ತರದ ದಾರಿ ಮತ್ತು ಅದಕ್ಕೆ ಬದಲಿಯಾಗಿ ಒಂದು ತಗ್ಗಿನ ದಾರಿ, ಎರಡೂ ಒಂದೇ ಊರಿಗೆ ಸೇರುವಂತೆ, ಮೊದಲೇ ಗುರುತಿಸಿಕೊಂಡಿರಬೇಕು. ನಾನು ಹಲವು ಸಲ ತಿದ್ದಿ ಒಪ್ಪಿಕೊಂಡಿರುವ ಐದು ದಿನದ ದಾರಿಯನ್ನು ಉದಾಹರಣೆಯಾಗಿ ಕೊಡುತ್ತೇನೆ.

ಮೊದಲ ದಿನ ಮ್ಯೂನಿಕ್‌ನಿಂದ ಗಾರ್ಮಿಶ್, ಫೆರ್ನ್ ಘಾಟಿ, ಇಮ್ಸ್ಟ್, ಲಾಂಡೆಕ್ ಮೂಲಕ ರೆಶೆನ್ ಘಾಟಿ ಹತ್ತಿ ಫಿನ್ಷ್‌ಗಾವ್‌ಗೆ ಇಳಿಯುವುದು. ರೆಶೆನ್ ಸುಮಾರು 1,500 ಮೀಟರ್ ಎತ್ತರದ್ದು, ವರ್ಷವಿಡೀ ತೆರೆದಿರುತ್ತದೆ, ಹಾಗಾಗಿ ಬದಲಿ ದಾರಿಯ ಅಗತ್ಯವೇ ಬೀಳುವುದಿಲ್ಲ. 1950ರಲ್ಲಿ ಅಣೆಕಟ್ಟಿನ ನೀರು ತುಂಬಿದಾಗ ಮುಳುಗಿದ ಗ್ರೌನ್ ಎಂಬ ಹಳ್ಳಿಯ ಇಗರ್ಜಿಯ ಗಂಟೆಗೋಪುರ ಇಲ್ಲಿನ ಸರೋವರದ ನಡುವೆ ಒಂಟಿಯಾಗಿ ನಿಂತಿದೆ. ಬಿಸಿಲಿನಲ್ಲಿ ಅದು ಪ್ರವಾಸಿಗರ ಚಿತ್ರಕ್ಕೆ ಹಿನ್ನೆಲೆಯಾಗಿಬಿಡುತ್ತದೆ. ಅದರ ದುಃಖ ಕಾಣಬೇಕೆಂದರೆ ಸೋನೆ ಮಳೆಯಲ್ಲೇ ನೋಡಬೇಕು. ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಕತೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ತಂಗಲು ಕೋಟೆಗೋಡೆಯೊಳಗಿನ ಗ್ಲೂರ್ನ್ಸ್ ಎಂಬ ಪುಟ್ಟ ಊರು ಅನುಕೂಲ.

ಎರಡನೆಯ ದಿನ ಸ್ಟೆಲ್ವಿಯೊ. ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ 1820ರ ದಶಕದಲ್ಲಿ ಕಟ್ಟಿಸಿದ ಈ ರಸ್ತೆ ಕೆಳಗಿನ ಪ್ರಾಟೊ ಹಳ್ಳಿಯ ಕಡೆಯಿಂದ 48 ಹೇರ್‌ಪಿನ್ ತಿರುವುಗಳಲ್ಲಿ ಏರುತ್ತದೆ. ತಿರುವುಗಳಿಗೆ ಅಂಕಿ ಹಾಕಿದ್ದು, ಕೆಳಗೆ 48ರಿಂದ ಆರಂಭವಾಗಿ ಮೇಲೆ ಒಂದಕ್ಕೆ ಮುಗಿಯುತ್ತದೆ. ಮಳೆಯಲ್ಲಿ ಇದನ್ನು ಏರುವುದರಲ್ಲಿ ಒಂದು ಲಾಭವಿದೆ: ಬೈಕು ಸವಾರರ ಮತ್ತು ಸೈಕಲ್ಲಿನವರ ದಟ್ಟಣೆ ಅರ್ಧಕ್ಕೂ ಕಡಿಮೆಯಿರುತ್ತದೆ. ತುದಿಯಿಂದ ಸ್ವಲ್ಪ ಇಳಿದು ಬಲಕ್ಕೆ ತಿರುಗಿದರೆ 2,501 ಮೀಟರ್ ಎತ್ತರದ ಉಂಬ್ರೈಲ್ ಘಾಟಿ ಸಿಗುತ್ತದೆ, ಅಲ್ಲಿಂದ ಸ್ವಿಟ್ಜರ್ಲೆಂಡಿನ ಸಾಂತಾ ಮರಿಯಾಗೆ ಇಳಿದು, ಓಫೆನ್ ಘಾಟಿ ದಾಟಿ ಎಂಗಡೀನ್‌ನ ಜೆರ್ನೆಜ್ ಸೇರಬಹುದು. ಸ್ಟೆಲ್ವಿಯೊ ಮೇಲೆ ಹಿಮ ಬಿದ್ದಿದ್ದರೆ ಚಿಂತೆಯಿಲ್ಲ. ಗ್ಲೂರ್ನ್ಸ್‌ನಿಂದ ನೇರವಾಗಿ ಮ್ಯೂಸ್ಟಾಯರ್ ಕಣಿವೆಗೆ ಹೋಗಿ, ಯುನೆಸ್ಕೋ ಪಟ್ಟಿಯಲ್ಲಿರುವ ಅಲ್ಲಿನ ಸಂತ ಯೋಹಾನರ ಮಠದ ಹಳೆಯ ಭಿತ್ತಿಚಿತ್ರಗಳನ್ನು ಮಳೆ ನಿಲ್ಲುವವರೆಗೆ ನೋಡಿ, ಅದೇ ಓಫೆನ್ ಘಾಟಿ ಸೇರಿದರಾಯಿತು. ಒಂದು ಸೆಪ್ಟೆಂಬರ್‌ನಲ್ಲಿ ಟ್ರಾಫೊಯ್ ಹಳ್ಳಿಯ ಬಳಿ ಮಳೆಹನಿಗಳು ಗಾಜಿನ ಮೇಲೆ ಮೆತ್ತಗೆ ಅಂಟಿಕೊಳ್ಳತೊಡಗಿದ್ದನ್ನು ಕಂಡು ನಾನು ಕಾರು ತಿರುಗಿಸಿದ್ದೆ. ಬೇಸಿಗೆ ಟೈರಿನಲ್ಲಿ ಹಿಮ ಹತ್ತುವ ಧೈರ್ಯಕ್ಕೆ ಧೈರ್ಯವೆಂಬ ಹೆಸರು ಸಲ್ಲದು.

ಮೂರನೆಯ ದಿನ ಸೇಂಟ್ ಮೊರಿಟ್ಜ್, ವರ್ಷವಿಡೀ ತೆರೆದಿರುವ 2,284 ಮೀಟರಿನ ಯೂಲಿಯರ್ ಘಾಟಿ, ತೂಸಿಸ್, ಇಲಾಂಜ್, ಡಿಸೆಂಟಿಸ್, ಮತ್ತು ಒಬರಾಲ್ಪ್ ಘಾಟಿಯ ಮೂಲಕ ಆಂಡರ್‌ಮಾಟ್. ನಾಲ್ಕನೆಯ ದಿನ ಆಂಡರ್‌ಮಾಟ್‌ನಲ್ಲೇ ನೆಲೆಯೂರಿ, ಆಕಾಶ ತೆರೆದಿದ್ದರೆ 2,429 ಮೀಟರಿನ ಫುರ್ಕಾ, 2,164 ಮೀಟರಿನ ಗ್ರಿಮ್ಸೆಲ್ ಮತ್ತು ಸುಸ್ಟೆನ್ ಮೂರನ್ನೂ ಸುತ್ತಿ ಬರುವುದು. ಸುತ್ತು ಸುಮಾರು 120 ಕಿಲೋಮೀಟರ್. ಉತ್ತರದಲ್ಲಿ ದಾರದ ಮಳೆ ಹಿಡಿದಿದ್ದರೆ ಈ ಸುತ್ತನ್ನು ಮನಸ್ಸಿನಿಂದ ತೆಗೆದುಹಾಕಿ, ಗಾಟ್‌ಹಾರ್ಡ್ ದಾಟಿ ಟಿಚೀನೊಗೆ ಇಳಿಯಬೇಕು. 1980ರಲ್ಲಿ ತೆರೆದ 16.9 ಕಿಲೋಮೀಟರ್ ಉದ್ದದ ಗಾಟ್‌ಹಾರ್ಡ್ ರಸ್ತೆ ಸುರಂಗಕ್ಕೆ ಗೋಶೆನೆನ್‌ನಲ್ಲಿ ವೈಪರ್ ಆಡಿಸುತ್ತ ನುಗ್ಗಿ, ಐರೋಲೊದಲ್ಲಿ ಕಣ್ಣು ಕುಕ್ಕುವ ಬಿಸಿಲಿಗೆ ಹೊರಬೀಳುವ ಅನುಭವಕ್ಕಾಗಿಯೇ ಆ ದಿನದ ಮಳೆಯನ್ನು ಕ್ಷಮಿಸಬಹುದು. ಸುರಂಗದ ಮೇಲಿರುವ ಹಳೆಯ ಟ್ರೆಮೋಲಾ ರಸ್ತೆ ಕಲ್ಲು ಹಾಸಿದ್ದು, 24 ತಿರುವುಗಳದು, ಒಣಗಿದ್ದಾಗ ಅತಿ ಚಂದ; ಒದ್ದೆಯಾದರೆ ಆ ಗ್ರಾನೈಟ್ ಕಲ್ಲುಗಳು ಪಾಚಿ ಹಿಡಿದ ಕೊಳದ ಮೆಟ್ಟಿಲಂತೆ ಜಾರುತ್ತವೆ, ಅದರ ಪಕ್ಕದ ಹೊಸ ರಸ್ತೆಯೇ ಲೇಸು. ಫುರ್ಕಾ ಮುಚ್ಚಿದ್ದರೆ ರಿಯಾಲ್ಪ್‌ನಿಂದ ಓಬರ್‌ವಾಲ್ಡ್‌ಗೆ ಕಾರನ್ನು ರೈಲಿನ ಮೇಲೇರಿಸಿ ಬೆಟ್ಟದ ಒಳಗಿನಿಂದ ದಾಟಬಹುದು. ರೈಲಿನಲ್ಲಿ ಚಾವಣಿ ಮುಚ್ಚಿರಲಿ.

ಐದನೆಯ ದಿನ ಹೆದ್ದಾರಿಯಲ್ಲಿ ಬ್ರೆಗೆಂಜ್ ಮೂಲಕ ಮ್ಯೂನಿಕ್‌ಗೆ ಮರಳುವುದು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಭಾರಿ ಮಳೆಯ ಎಚ್ಚರಿಕೆ ಇದ್ದ ದಿನ ಎರಡೂ ದಾರಿಗಳನ್ನು ಬಿಟ್ಟು ಊರಿನಲ್ಲೇ ಉಳಿಯಬೇಕು. 2024ರ ಜೂನ್‌ನಲ್ಲಿ ಸ್ಯಾನ್ ಬರ್ನಾರ್ಡಿನೊ ಮಾರ್ಗದ ಮಿಸಾಕ್ಸ್ ಕಣಿವೆಯಲ್ಲಿ ನದಿ ಉಕ್ಕಿ ಎ13 ಹೆದ್ದಾರಿಯ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಗಿತ್ತು. ಶಿರಾಡಿಯಲ್ಲಿ ದರೆ ಕುಸಿದ ಸುದ್ದಿ ಪ್ರತಿ ಮಳೆಗಾಲದಲ್ಲೂ ಕೇಳುವ ನಮಗೆ ಇದು ಹೊಸತಲ್ಲ, ಆದರೆ ಯುರೋಪಿನ ರಸ್ತೆಗೆ ಹಾಗಾಗದು ಎಂಬ ಭ್ರಮೆಯೊಂದು ನಮ್ಮಲ್ಲಿದೆ.

ಹಂತ 7: ಒದ್ದೆ ಘಾಟಿಯಲ್ಲಿ ಚಾಲನೆ

ಒಣಗಿದ ಹಲವು ದಿನಗಳ ನಂತರ ಬೀಳುವ ಮೊದಲ ಅರ್ಧ ಗಂಟೆಯ ಮಳೆ ಅತ್ಯಂತ ಅಪಾಯಕಾರಿ, ಏಕೆಂದರೆ ರಸ್ತೆಯ ಎಣ್ಣೆ ಮತ್ತು ದೂಳು ಸೇರಿ ತೆಳು ಕೆಸರಾಗಿರುತ್ತದೆ. ಬಿರುಕು ಮುಚ್ಚಲು ಎಳೆದ ಕಪ್ಪು ಡಾಂಬರಿನ ಗೆರೆಗಳು, ದನಗಳು ದಾಟದಂತೆ ರಸ್ತೆಗೆ ಅಡ್ಡವಾಗಿ ಹಾಕಿದ ಕಬ್ಬಿಣದ ಸರಳುಗಳು, ಮತ್ತು ಹುಲ್ಲುಗಾವಲಿನ ಬಳಿಯ ಸಗಣಿ, ಈ ಮೂರರ ಮೇಲೆ ಬ್ರೇಕ್ ಹಾಕುವುದಾಗಲಿ ಸ್ಟಿಯರಿಂಗ್ ತಿರುಗಿಸುವುದಾಗಲಿ ಬೇಡ. ನೇರವಾಗಿ, ಒಂದೇ ವೇಗದಲ್ಲಿ ದಾಟಿಹೋಗಬೇಕು.

ಹಿಂಚಕ್ರಕ್ಕೆ ಶಕ್ತಿ ಕೊಡುವ ಹಗುರ ಕಾರುಗಳಲ್ಲಿ ಹೇರ್‌ಪಿನ್ ತಿರುವಿನ ಕ್ರಮವೇ ಬೇರೆ. ತಿರುವಿಗೆ ಮೊದಲು, ಕಾರು ನೇರವಿರುವಾಗಲೇ, ಬ್ರೇಕನ್ನೆಲ್ಲ ಮುಗಿಸಿ ಗೇರ್ ಇಳಿಸಿಕೊಳ್ಳಬೇಕು. ತಿರುವಿನೊಳಗೆ ಕಾಲನ್ನು ಸ್ಥಿರವಾಗಿಡಬೇಕು. ಚಕ್ರಗಳು ನೇರವಾದ ಮೇಲೆಯೇ ಆಕ್ಸಿಲರೇಟರನ್ನು ಒತ್ತಬೇಕು. ಆತುರದಿಂದ ಮೊದಲೇ ಒತ್ತಿದರೆ ಕಾರಿನ ಹಿಂಭಾಗ ಹೊರಕ್ಕೆ ತೂಗುತ್ತದೆ. ಇಳಿಯುವಾಗ, ಏರಲು ಬೇಕಾಗುತ್ತಿದ್ದ ಗೇರಿನಲ್ಲೇ ಇಳಿಯಬೇಕೆಂಬ ಚಾರ್ಮಾಡಿಯ ಲಾರಿ ಚಾಲಕರ ನಿಯಮ ಇಲ್ಲಿಯೂ ಸರಿ. ಸುಮ್ಮನೆ ಬ್ರೇಕಿನ ಮೇಲೆ ಕಾಲಿಟ್ಟು ಇಳಿದರೆ 1,800 ಮೀಟರ್ ಇಳಿಜಾರಿನ ಕೊನೆಯಲ್ಲಿ ಸುಟ್ಟ ವಾಸನೆ ಬರುತ್ತದೆ.

ಕಿರಿದಾದ ಸ್ವಿಸ್ ರಸ್ತೆಯಲ್ಲಿ ಎದುರುಬದುರಾದಾಗ ಇಳಿಯುತ್ತಿರುವವರು ಹಿಂದಕ್ಕೆ ಸರಿದು ಏರುವವರಿಗೆ ದಾರಿ ಕೊಡಬೇಕು, ಏರುವವರ ಬೆನ್ನಿಗೇ ಸರಿಯಲು ಜಾಗವಿದ್ದರೆ ಮಾತ್ರ ವಿನಾಯಿತಿ. ನೀಲಿ ಹಿನ್ನೆಲೆಯಲ್ಲಿ ಹಳದಿ ಕೊಂಬಿನ ಫಲಕವಿರುವ ಅಂಚೆ ರಸ್ತೆಗಳಲ್ಲಿ ಹಳದಿ ಅಂಚೆ ಬಸ್ಸಿಗೆ ಆದ್ಯತೆ, ಅದರ ಚಾಲಕರು ಕೈಸನ್ನೆಯಲ್ಲಿ ಹೇಳಿದಂತೆ ನಡೆದುಕೊಳ್ಳಬೇಕು. ಕುರುಡು ತಿರುವುಗಳ ಮುನ್ನ ಆ ಬಸ್ಸು ಮೂರು ಸ್ವರದ ಹಾರನ್ ಊದುತ್ತದೆ. ಚಾವಣಿ ಮುಚ್ಚಿ ಹೀಟರ್ ಜೋರಾಗಿಟ್ಟಿದ್ದರೂ ಪಕ್ಕದ ಗಾಜನ್ನು ಎರಡು ಬೆರಳಷ್ಟು ಇಳಿಸಿದ್ದರೆ ಅದು ಕೇಳಿಸುತ್ತದೆ.

ಒಳಗಿನ ಗಾಜಿಗೆ ಆವಿ ಹಿಡಿಯುವುದು ಪುಟ್ಟ ಕಾರಿನ ದೊಡ್ಡ ಕಾಟ. ಇಬ್ಬರ ಉಸಿರು, ಒದ್ದೆ ಜಾಕೆಟ್, ಒದ್ದೆ ಪಂಚೆ ಎಲ್ಲ ಸೇರಿ ಒಳಗೆ ಹಬೆಮನೆಯೇ ಆಗುತ್ತದೆ. ಬಿಸಿಗಾಳಿ ಮತ್ತು ಎಸಿ ಎರಡನ್ನೂ ಒಟ್ಟಿಗೆ ಹಾಕಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಂದ್ ಮಾಡಿ, ಗಾಳಿಯನ್ನು ಗಾಜಿನತ್ತ ತಿರುಗಿಸಬೇಕು. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಅದನ್ನು ಬೆಚ್ಚಗಾಗಿಸುತ್ತದೆ. ಉದ್ದ ಸುರಂಗವನ್ನು ಹೊಕ್ಕಾಗ ಆಗುವುದು ಇದರ ವಿರುದ್ಧ: ಸುರಂಗದ ಬೆಚ್ಚನೆಯ ತೇವಗಾಳಿ ತಣ್ಣನೆಯ ಗಾಜಿನ ಹೊರಮೈಗೆ ತಾಗಿ ಕ್ಷಣಾರ್ಧದಲ್ಲಿ ಎದುರಿನದೇನೂ ಕಾಣದಂತಾಗುತ್ತದೆ. ಆಗ ಒಳಗಿನಿಂದ ಒರೆಸಲು ಹೋಗದೆ ವೈಪರ್ ಒಮ್ಮೆ ಆಡಿಸಿದರೆ ಸಾಕು.

ಹಿಂದಿನ ಕೆಂಪು ಮಂಜುದೀಪವನ್ನು ಕಾಣುವ ದೂರ 50 ಮೀಟರಿಗಿಂತ ಕಡಿಮೆಯಾದಾಗ ಮಾತ್ರ ಹಚ್ಚಬೇಕು. ಮೋಡ ದಾಟಿದ ಕೂಡಲೇ ಆರಿಸಲು ಮರೆಯಬಾರದು.

ಹಂತ 8: ಮಳೆಯಲ್ಲಿ ಚಾವಣಿ ತೆರೆಯಬಹುದೇ?

ತೆರೆಯಬಹುದು. ತುಂತುರು ಮಳೆಯಲ್ಲಿ, ಸುಮಾರು 70 ಕಿಲೋಮೀಟರಿಗಿಂತ ಹೆಚ್ಚಿನ ಸ್ಥಿರ ವೇಗದಲ್ಲಿ, ಎದುರುಗಾಜಿನಿಂದ ಮೇಲಕ್ಕೆ ಚಿಮ್ಮುವ ಗಾಳಿ ಹನಿಗಳನ್ನು ತಲೆಯ ಮೇಲಿನಿಂದ ಹಿಂದಕ್ಕೆ ಸಾಗಿಸುತ್ತದೆ. ಪಕ್ಕದ ಗಾಜುಗಳನ್ನು ಏರಿಸಿ, ಕಾಲಿಗೆ ಹೀಟರ್ ಬಿಟ್ಟುಕೊಂಡರೆ ಒಳಗೆ ಒಣಗಿಯೇ ಇರುತ್ತದೆ. ಆದರೆ ಇದು ಕಣಿವೆಯ ನೇರ ರಸ್ತೆಯ ಸುಖ. ಹೇರ್‌ಪಿನ್‌ನಲ್ಲಿ ವೇಗ 20ಕ್ಕೆ ಇಳಿದ ಕೂಡಲೇ ಇರಚಲು ಮಡಿಲಿಗೇ ಬೀಳುತ್ತದೆ, ಊರಿನ ಕೆಂಪುದೀಪದಲ್ಲಿ ನಿಂತರೆ ಪಾದಚಾರಿಗಳು ಕೊಡೆಯ ಅಡಿಯಿಂದ ಕನಿಕರದಿಂದ ನೋಡುತ್ತಾರೆ.

ಮುಖ್ಯ ನಿಯಮವೆಂದರೆ ಒದ್ದೆ ಚಾವಣಿಯನ್ನು ಮಡಚಿ ಹೆಚ್ಚು ಹೊತ್ತು ಇಡಬಾರದು. ಮಡಿಕೆಯಲ್ಲಿ ಸಿಕ್ಕ ನೀರು ಆಸನದ ಹಿಂದೆ ಇಳಿಯುತ್ತದೆ, ರಾತ್ರಿಯಿಡೀ ಹಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ, ಹಳೆಯ ಕಾರುಗಳ ಪ್ಲಾಸ್ಟಿಕ್ ಹಿಂಗಿಟಕಿಯಲ್ಲಿ ಗೆರೆ ಬೀಳುತ್ತದೆ. ಮಳೆ ನಿಂತ ಮೇಲೆ ಚಾವಣಿ ಮುಚ್ಚಿಕೊಂಡೇ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಗಾಳಿಗೆ ಒಣಗಿಸಿ, ಉಳಿದದ್ದನ್ನು ಪಂಚೆಯಿಂದ ಒರೆಸಿ, ಆಮೇಲೆ ಮಡಚಬೇಕು. ಕೈಯಿಂದ ಮಡಚುವ ಚಾವಣಿಯನ್ನು ರಸ್ತೆ ಬದಿಯ ವಿಶಾಲ ತಂಗುದಾಣದಲ್ಲಿ, ಕಾರು ಪೂರ್ತಿ ನಿಲ್ಲಿಸಿ ಮಾತ್ರ ತೆರೆಯಬೇಕು.

ಹಂತ 9: ಸಂಜೆ ಮತ್ತು ಮನೆಗೆ ಮರಳಿದ ಮೇಲೆ

ಬಾಗಿಲು ತೆರೆಯುವ ಮುನ್ನ ಚಾವಣಿಯ ಅಂಚಿನಲ್ಲಿ ತೂಗುವ ನೀರನ್ನು ಕೈಯಿಂದ ಒಮ್ಮೆ ಸವರಿ ಕೆಡವಬೇಕು. ಇಲ್ಲದಿದ್ದರೆ ಅದೆಲ್ಲ ಆಸನದ ಮೇಲೇ ಬೀಳುತ್ತದೆ, ಮರುದಿನ ಬೆಳಿಗ್ಗೆ ಅದರ ಮೇಲೆ ಕೂರುವವರು ನೀವೇ. ಹೋಟೆಲ್ ಕಾಯ್ದಿರಿಸುವಾಗ ನೋಟದ ಕೋಣೆಗಿಂತ ಮುಚ್ಚಿದ ವಾಹನ ನಿಲ್ದಾಣವನ್ನು ಕೇಳಿ. ಅದು ಸಿಗದಿದ್ದರೆ ಮರದ ಕೆಳಗೆ ನಿಲ್ಲಿಸಬೇಡಿ, ಎಲೆ ಬಿದ್ದು ನಾಳ ಕಟ್ಟುತ್ತದೆ. ನೆಲಹಾಸಿನ ಚಾಪೆಗಳನ್ನು ಕೋಣೆಗೆ ಒಯ್ದು ಹೀಟರಿನ ಬಳಿ ಹರಡಿ, ಬೂಟಿನೊಳಗಿನ ಪತ್ರಿಕೆಯನ್ನು ಮಲಗುವ ಮುನ್ನ ಒಮ್ಮೆ ಬದಲಿಸಿ.

ಮನೆಗೆ ಮರಳಿದ ಮೊದಲ ಬಿಸಿಲಿನ ದಿನ ಚಾವಣಿ ಮುಚ್ಚಿಟ್ಟೇ ಪೂರ್ತಿ ಒಣಗಿಸಿ, ಆಮೇಲೆ ತೆರೆದು ಒಳಭಾಗಕ್ಕೆ ಬಿಸಿಲು ತೋರಿಸಿ, ಆಸನಗಳನ್ನು ಮುಂದಕ್ಕೆಳೆದು ಹಿಂದಿನ ನೆಲಹಾಸನ್ನು ಒತ್ತಿ ನೋಡಬೇಕು. ಮೇಲೆ ಒಣಗಿದ್ದರೂ ಅಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು ತಗಡಿಗೆ ತುಕ್ಕು ತರಿಸುವುದುಂಟು. ಬೆರಳಿಗೆ ತಂಪು ತಾಗಿದರೆ ಹಾಸನ್ನು ಎತ್ತಿ, ಅಡಿಗೆ ಒಂದು ಮರದ ತುಂಡು ಕೊಟ್ಟು, ಎರಡು ದಿನ ಫ್ಯಾನಿನ ಗಾಳಿಗೆ ಬಿಡಬೇಕು. ಅಷ್ಟಾದ ಮೇಲೆ ಮತ್ತೊಂದು ಲೋಟ ನೀರನ್ನು ನಾಳಕ್ಕೆ ಸುರಿದು, ಹಿಂಚಕ್ರದ ಬಳಿ ಬಗ್ಗಿ ನೋಡಿ.